ರಾಸ್ಪ್‌ಬೆರಿ ಶೇಕ್ 4ಡಿ: ಕಲಬುರಗಿಯ ಎರೆ ನೆಲದಲ್ಲಿ ದೀರ್ಘಕಾಲದ ಬಳಕೆ

ಕಟ್ಟಡದ ಬುಡದಲ್ಲಿ ನೆಲದ ಕಂಪನವನ್ನು ದಾಖಲಿಸಲು ರಾಸ್ಪ್‌ಬೆರಿ ಶೇಕ್ 4ಡಿ ಕೊಟ್ಟ ಹಣಕ್ಕೆ ಮೋಸವಿಲ್ಲದ ಉಪಕರಣ. ಆದರೆ ಅದೇ ಕಟ್ಟಡದ ತಾರಸಿಯಲ್ಲಿ ನಿತ್ಯದ ನವಿರಾದ ತೊನೆದಾಟವನ್ನು ಅಳೆಯಬೇಕಾದರೆ ಅದು ತಕ್ಕ ಆಯ್ಕೆಯಲ್ಲ. ಕಲಬುರಗಿಯ ನಾಲ್ಕು ಅಂತಸ್ತಿನ ನಮ್ಮ ಕಚೇರಿ ಕಟ್ಟಡದಲ್ಲಿ 2022ರಿಂದ ಇಂತಹ ಎರಡು ಘಟಕಗಳನ್ನು ಬಳಸುತ್ತಿದ್ದೇವೆ. 1993ರ ಕಿಲ್ಲಾರಿ ಭೂಕಂಪವನ್ನು ಕಂಡವರು ಇಲ್ಲಿ ಇನ್ನೂ ಅನೇಕರಿದ್ದಾರೆ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲ ಮತ್ತೆ ಮತ್ತೆ ನಡುಗಿದ ಮೇಲೆ ಈ ಖರೀದಿಗೆ ಯಾರೂ ಅಡ್ಡಿ ಹೇಳಲಿಲ್ಲ.

ಪನಾಮಾ ದೇಶದ ಈ ಉಪಕರಣದೊಳಗೆ ಲಂಬ ಚಲನೆಯನ್ನು ಗ್ರಹಿಸುವ ಒಂದು ಜಿಯೋಫೋನ್, ಮೂರು ದಿಕ್ಕಿನ ವೇಗೋತ್ಕರ್ಷವನ್ನು ಅಳೆಯುವ ಮೆಮ್ಸ್ (ಚಿಪ್ ರೂಪದ ಸೂಕ್ಷ್ಮ ಸಂವೇದಕ) ಆಕ್ಸಿಲರೋಮೀಟರ್, ಅವುಗಳ ಸಂಕೇತವನ್ನು ಸೆಕೆಂಡಿಗೆ 100 ಬಾರಿ ಅಂಕಿಗಳಾಗಿ ಬದಲಿಸುವ 24 ಬಿಟ್ ಡಿಜಿಟೈಜರ್ ಇವೆ. ಇವೆಲ್ಲ ಒಂದು ಪುಟ್ಟ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ಜೋಡಣೆಯಾಗಿರುತ್ತವೆ.

ಆಕ್ಸಿಲರೋಮೀಟರಿನ ಕ್ಯಾಲಿಬ್ರೇಶನ್‌ಗೆ, ಎಂದರೆ ಅದರ ಓದು ಸರಿಯಿದೆಯೇ ಎಂದು ತಾಳೆ ನೋಡುವುದಕ್ಕೆ, ಪ್ರಯೋಗಾಲಯವೇ ಬೇಕೆಂದಿಲ್ಲ, ಭೂಮಿಯ ಗುರುತ್ವವೇ ಅಳತೆಗೋಲು. ಲಂಬಕೋನಕ್ಕೆ ಸರಿಯಾಗಿ ಕೊರೆದ ಉಕ್ಕಿನ ಆಂಗಲ್‌ಗೆ ಪೆಟ್ಟಿಗೆಯನ್ನು ಒತ್ತಿ ಹಿಡಿದು, ಪ್ರತಿ ಅಕ್ಷವನ್ನೂ ಒಮ್ಮೆ ಮೇಲ್ಮುಖವಾಗಿ, ಒಮ್ಮೆ ಕೆಳಮುಖವಾಗಿ ನಿಲ್ಲಿಸಿದರೆ, ಎರಡು ಓದುಗಳ ನಡುವಿನ ಅಂತರ ಗುರುತ್ವದ ಎರಡರಷ್ಟಕ್ಕೆ, ಎಂದರೆ ನಮ್ಮ ಭಾಗದಲ್ಲಿ ಹೆಚ್ಚುಕಡಿಮೆ 19.6 ಮೀಟರ್ ಪ್ರತಿ ಸೆಕೆಂಡ್ ವರ್ಗಕ್ಕೆ, ಸಮನಾಗಬೇಕು. ನಮ್ಮ ಎರಡೂ ಘಟಕಗಳು ಕಂಪನಿಯ ಅಂಕಿಗೆ ತೀರ ಹತ್ತಿರ ಬಂದವು. ಜಿಯೋಫೋನಿಗೆ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ಅದು ಸ್ಥಿರ ಬಲವನ್ನಲ್ಲ, ಚಲನೆಯ ವೇಗವನ್ನು ಮಾತ್ರ ಗುರುತಿಸುತ್ತದೆ. ಅದಕ್ಕಾಗಿ ವರ್ಷಕ್ಕೊಮ್ಮೆ ಎರಡೂ ಘಟಕಗಳನ್ನು ಒಂದೇ ಕಾಂಕ್ರೀಟ್ ಹಾಸಿನ ಮೇಲೆ ಪಕ್ಕಪಕ್ಕದಲ್ಲಿ ರಾತ್ರಿಯಿಡೀ ಬಿಟ್ಟು ದಾಖಲೆಗಳನ್ನು ಹೋಲಿಸುತ್ತೇವೆ. ಯಾವ ಆವರ್ತನದಿಂದ (ಸೆಕೆಂಡಿಗೆ ಇಷ್ಟು ಕಂಪನ ಎಂಬ ಲೆಕ್ಕ) ಕೆಳಗೆ ಎರಡರ ರೇಖೆಗಳು ಬೇರೆಬೇರೆಯಾಗುತ್ತವೆಯೋ, ಅಲ್ಲಿಂದ ಕೆಳಗಿನದು ನೆಲದ ಸುದ್ದಿಯಲ್ಲ, ಉಪಕರಣದ ಸ್ವಂತ ಗದ್ದಲ.

ಅಳವಡಿಕೆಯಲ್ಲಿ ನಮಗೆ ಹೆಚ್ಚು ಕೆಲಸ ಕೊಟ್ಟದ್ದು ನೆಲವೇ. ನೆಲಮಹಡಿಯಲ್ಲಿ ಶಹಾಬಾದಿ ಫರಸಿ ಹಾಸಿದೆ. ಬೆರಳಗಂಟಿನಿಂದ ತಟ್ಟಿದರೆ ಕೆಲವು ಕಲ್ಲುಗಳು ಟೊಳ್ಳು ಸದ್ದು ಕೊಡುತ್ತವೆ, ಅಂತಹ ಕಲ್ಲಿನ ಮೇಲಿಟ್ಟ ಸಂವೇದಕವು ಭೂಮಿಯ ಜೊತೆಗೆ ಆ ಕಲ್ಲಿನ ಅಲುಗಾಟವನ್ನೂ ಬರೆಯುತ್ತದೆ. ಮೂಲೆಯ ಒಂದು ಕಲ್ಲನ್ನು ಎಬ್ಬಿಸಿ, ಕೆಳಗಿನ ಸಡಿಲ ಮಣ್ಣನ್ನು ತೆಗೆಸಿ, ಗಟ್ಟಿ ಪದರದ ಮೇಲೆ ಕಾಂಕ್ರೀಟ್ ಹಾಕಿಸಿ, ಸುತ್ತಲಿನ ಫರಸಿಗೆ ತಾಗದಂತೆ ಬೆರಳಗಲ ಸಂದು ಬಿಡಿಸಿದೆವು. ಕೇಬಲ್ಲನ್ನು ಸಡಿಲವಾಗಿ ಸುತ್ತಿ ನೆಲಕ್ಕೆ ಅಂಟಿಸಬೇಕು. ಬಿಗಿಯಾಗಿ ಎಳೆದ ಕೇಬಲ್ ಯಾರೋ ಬಾಗಿಲು ಹಾಕಿದಾಗಲೆಲ್ಲ ಪೆಟ್ಟಿಗೆಯನ್ನು ಜಗ್ಗುತ್ತದೆ. ಇಷ್ಟಾದರೂ ಎರೆ ಮಣ್ಣು ಸುಮ್ಮನಿರುವುದಿಲ್ಲ. ಬೇಸಿಗೆಯಲ್ಲಿ ಬಿರಿದು, ಮಳೆಯಲ್ಲಿ ಉಬ್ಬುವ ಈ ನೆಲದಲ್ಲಿ ಮಟ್ಟದ ಗುಳ್ಳೆ ಜೂನ್ ಕಳೆಯುವಷ್ಟರಲ್ಲಿ ನಡುವಿನಿಂದ ಸರಿದಿರುತ್ತದೆ, ಹಾಗಾಗಿ ಮಳೆಗಾಲದ ಮುಂಚೆ ಮತ್ತು ಅನಂತರ ಮೂರು ಕಾಲುಗಳ ತಿರುಪನ್ನು ಹೊಂದಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ.

ಈ ಶ್ರಮಕ್ಕೆ ಫಲ ಸಿಕ್ಕಿದೆ. 2023ರ ಫೆಬ್ರುವರಿ 6ರಂದು ಟರ್ಕಿಯಲ್ಲಿ 7.8 ತೀವ್ರತೆಯ ಭೂಕಂಪವಾದಾಗ, ನಮ್ಮ ಸಮಯ ಬೆಳಿಗ್ಗೆ 6:55ರ ಸುಮಾರಿಗೆ, ಎಂದರೆ ಅಲ್ಲಿ ನೆಲ ನಡುಗಿದ ಏಳೆಂಟು ನಿಮಿಷಕ್ಕೆ, ಮೊದಲ ಅಲೆ ನಮ್ಮ ಜಿಯೋಫೋನಿನಲ್ಲಿ ಸ್ಪಷ್ಟವಾಗಿ ಮೂಡಿತು. ಆ ಹೊತ್ತಿಗೆ ಊರಿನ ವಾಹನ ಸಂಚಾರ ಜೋರಾಗದಿದ್ದುದೂ ಅನುಕೂಲವಾಯಿತು.

ತಾರಸಿಯ ಘಟಕದ ಕಥೆ ಬೇರೆ. ಇಂತಹ ಕಟ್ಟಡ ಮುಖ್ಯವಾಗಿ ಅಡ್ಡಡ್ಡಲಾಗಿ ತೊನೆಯುತ್ತದೆ, 4ಡಿಯಲ್ಲಿ ಅಡ್ಡ ಚಲನೆಗೆ ಇರುವುದು ಮೆಮ್ಸ್ ಮಾತ್ರ. ಅದು ಪ್ರಬಲ ಕಂಪನಕ್ಕೆಂದು ಇಟ್ಟ ಸಂವೇದಕವಾದ್ದರಿಂದ ಗಾಳಿ, ವಾಹನ, ಲಿಫ್ಟುಗಳಿಂದಾಗುವ ಸೂಕ್ಷ್ಮ ಚಲನೆ ಅದರ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಇದು ದೋಷವಲ್ಲ, ಮಾದರಿಯ ಸ್ವಭಾವ. ಮೂರು ಜಿಯೋಫೋನುಗಳಿರುವ 3ಡಿ ಮಾದರಿಯನ್ನು ಎರವಲು ತಂದು ಇಟ್ಟಾಗ 3.7 ಹರ್ಟ್ಸ್ ಬಳಿ ಚೂಪಾದ ಶಿಖರ ಕಂಡಿತು, ಅದೇ ಕಟ್ಟಡ ತಾನಾಗಿ ತೊನೆಯುವ ಆವರ್ತನ. 12 ಮೀಟರ್ ಎತ್ತರದ ಬರಿ ಕಾಂಕ್ರೀಟ್ ಚೌಕಟ್ಟಿಗೆ ಭೂಕಂಪ ತಾಳುವ ಕಟ್ಟಡ ವಿನ್ಯಾಸದ ಭಾರತೀಯ ಮಾನಕ ಐಎಸ್ 1893ರ ಸೂತ್ರ ಕೊಡುವುದು ಸುಮಾರು 2 ಹರ್ಟ್ಸ್. ಇಟ್ಟಿಗೆ ಗೋಡೆ ತುಂಬಿದ, 20 ಮೀಟರ್ ಉದ್ದದ ಕಟ್ಟಡವೆಂದು ಲೆಕ್ಕ ಹಾಕಿದರೆ 4ರ ಮೇಲೆ ಬರುತ್ತದೆ. ನಕ್ಷೆಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಗೋಡೆಗಳು ಎಷ್ಟು ಬಿಗಿ ಕೊಡುತ್ತಿವೆ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಬೇರೆ ಪರೀಕ್ಷೆ ನನಗೆ ಗೊತ್ತಿಲ್ಲ.

ಎರಡು ಅಂತಸ್ತುಗಳ ದಾಖಲೆಗಳನ್ನು ಜೋಡಿಸಿ ನೋಡುವವರು ಜಿಪಿಎಸ್ ಗಡಿಯಾರಕ್ಕೆ ಹಣ ಉಳಿಸಬಾರದು. ಅಂತರ್ಜಾಲದ ಸಮಯ 10 ಮಿಲಿಸೆಕೆಂಡು ಆಚೀಚೆಯಾದರೆ 10 ಹರ್ಟ್ಸ್‌ನಲ್ಲಿ ಹಂತ (ಫೇಸ್, ಎಂದರೆ ಒಂದು ಪೂರ್ತಿ ತೊನೆತವನ್ನು 360 ಡಿಗ್ರಿ ಎಂದುಕೊಂಡಾಗ ಅದರಲ್ಲಿನ ಸ್ಥಾನ) 36 ಡಿಗ್ರಿ ತಪ್ಪುತ್ತದೆ. ಆಗ ಒಟ್ಟಿಗೆ ತೊನೆಯುವ ಮಹಡಿಗಳೂ ಹೊಂದಾಣಿಕೆ ಇಲ್ಲದಂತೆ ಕಾಣುತ್ತವೆ.

ನಿರ್ವಹಣೆಯಲ್ಲಿ ಮೊದಲು ಸೋಲುವುದು ಸಂವೇದಕವಲ್ಲ, ಎಸ್‌ಡಿ ಕಾರ್ಡ್. ಹಗಲಿರುಳು ಬರೆಸಿಕೊಂಡು ಸವೆಯುವ ಕಾರ್ಡು, ಕರೆಂಟು ಹಠಾತ್ತನೆ ಹೋದಾಗ ಪೂರ್ತಿ ಕೆಡಬಹುದು. ಆದ್ದರಿಂದ ಚಿಕ್ಕದೊಂದು ಯುಪಿಎಸ್, ಹೆಚ್ಚು ಬರವಣಿಗೆ ತಾಳುವ ದರ್ಜೆಯ ಕಾರ್ಡು, ತಂತ್ರಾಂಶ ತುಂಬಿಸಿಟ್ಟ ಇನ್ನೊಂದು ಕಾರ್ಡು ಇವಿಷ್ಟು ಕೈಯಲ್ಲಿರಲಿ. ತಾರಸಿಯ ಪೆಟ್ಟಿಗೆಯ ಕೇಬಲ್ ತೂತನ್ನು ಸಿಲಿಕೋನಿನಿಂದ ಮುಚ್ಚಬೇಕು, ಇಲ್ಲದಿದ್ದರೆ ಇರುವೆಗಳು ಬೆಚ್ಚಗಿನ ಬೋರ್ಡಿನ ಮೇಲೆ ಗೂಡು ಮಾಡುತ್ತವೆ. ಹೊಸದಾಗಿ ಕೊಳ್ಳುವುದಾದರೆ ಬುಡಕ್ಕೆ 4ಡಿಯನ್ನೇ ಇಡುತ್ತೇನೆ, ತಾರಸಿಗೆ 3ಡಿ ತರಿಸುತ್ತೇನೆ.