ಹಳೇ ಫೋಟೋ ಡಿಜಿಟಲ್ ಮಾಡೋಕೆ ಮೊಬೈಲಾ, ಸ್ಕ್ಯಾನರಾ?

ಮಡಿಕೇರಿ ಮಳೆಗಾಲದಲ್ಲಿ ಆಲ್ಬಂ ಬಿಚ್ಚಿದರೆ ಮೊದಲು ಕಾಣೋದು ಬೂಷ್ಟು, ಆಮೇಲೆ ಅಜ್ಜಿ. ಜಮ್ಮಾ ಜಮೀನಿನ (ಕೊಡಗಿನ ವಂಶಪಾರಂಪರ್ಯ ಭೂಮಿ) ಪತ್ರ, ಮದುವೆ ಕರೆಯೋಲೆಗೆ ಮೊಬೈಲ್ ಸಾಕು; ಕಿಟಕಿ ಪಕ್ಕ ಇಟ್ಟು, ಫ್ಲ್ಯಾಶ್ ಆಫ್ ಮಾಡಿ ಫೋಟೋ ತೆಗೆಯಿರಿ. ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯನ್ನಂತೂ ಸ್ಕ್ಯಾನರ್ ಗಾಜಿನ ಮೇಲೆ ಇಡೋಕಾಗಲ್ಲ ಅಲ್ವಾ? ಆಲ್ಬಮ್ಮಿನ ಪ್ಲಾಸ್ಟಿಕ್‌ಗೆ ಅಂಟಿಕೊಂಡ ಫೋಟೋ ಕೀಳಲು ಹೋಗಬೇಡಿ, ಹಾಗೇ ಮೊಬೈಲಲ್ಲಿ ತೆಗೆಯಿರಿ.

ಬಿಡಿ ಫೋಟೋಗಳಿಗೆ ಮಾತ್ರ ನನ್ನ ಓಟು ಸ್ಕ್ಯಾನರಿಗೆ. 600 ಡಿಪಿಐ (ಇಂಚಿಗೆ 600 ಚುಕ್ಕಿ) ಇಟ್ಟರೆ 4×6 ಇಂಚಿನ ಫೋಟೋ 2400×3600 ಪಿಕ್ಸೆಲ್ ಆಗುತ್ತೆ, ಹಿಗ್ಗಿಸಿದರೆ ಅಜ್ಜಿಯ ಕೊಡವ ಸೀರೆಯ ಹಿಂದಿನ ನೆರಿಗೆಯೂ ಎಣಿಸಬಹುದು, ಮೊಬೈಲಲ್ಲಾದರೆ ಕೈ ನೆರಳೋ ಹೊಳಪೋ ಬಿದ್ದೇ ಬೀಳುತ್ತೆ. ನಿಧಾನ, ನಿಜ. ನಡುವೆ ಕರೆಂಟೂ ಹೋಗುತ್ತೆ!

ಯಾವುದೇ ಆಗಲಿ, ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಫೋಟೋ ಕುಗ್ಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ. ಒಂದು ಪ್ರತಿ ಹಾರ್ಡ್ ಡಿಸ್ಕಲ್ಲಿ, ಇನ್ನೊಂದು ಮೈಸೂರಿನ ನೆಂಟರ ಮನೆಯಲ್ಲಿ.