ಹಳೇ ಸ್ಟೀರಿಯೊ ಸ್ಪೀಕರ್ ಜೊತೆ: ಹಾಸನದ ಹವೆಯಲ್ಲಿ ಮೂರು ಮಳೆಗಾಲ ಕಳೆದ ಮೇಲೆ

ಬಳಸಿದ್ದು: 8 ಅಂಗುಲದ ವೂಫರ್ (ಕೆಳಗಿನ ಸ್ವರದ್ದು), 1 ಅಂಗುಲದ ಡೋಮ್ ಟ್ವೀಟರ್ (ಮೇಲಿನ ಸ್ವರದ್ದು), ಪೂರ್ತಿ ಮುಚ್ಚಿದ ಪ್ಲೈವುಡ್ ಪೆಟ್ಟಿಗೆ, 8 ಓಮ್, ಸೆಕೆಂಡ್‌ಹ್ಯಾಂಡ್. ಊರು ಹಾಸನ, ಅವಧಿ ಮೂರು ವರ್ಷ.

ಜಾಲರಿ ಬಟ್ಟೆಯ ಮೇಲೆ ಯಾವ ಕಂಪನಿಯ ತಗಡು ಕೂತಿದೆ ಅನ್ನುವುದಕ್ಕೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ. ಎರಡು ಮೊಳೆಯಲ್ಲೋ ಒಂದು ತೊಟ್ಟು ಅಂಟಿನಲ್ಲೋ ನಿಂತಿರುವ ತಗಡು ಅದು. ಪೆಟ್ಟಿಗೆ ಎಷ್ಟು ಕೈ ಬದಲಾಯಿಸಿದೆಯೋ ಅಷ್ಟು ಸಲ ಅದೂ ಬದಲಾಗಿರಬಹುದು. "ಒರಿಜಿನಲ್ ಜಪಾನ್ ಪೀಸು ಸಾರ್, ತೋಟದ ಬಂಗ್ಲೇಲಿದ್ದಿದ್ದು" ಅನ್ನುವ ಮಾತಿನಲ್ಲಿ ಸಾಮಾನ್ಯವಾಗಿ ಎರಡನೇ ಅರ್ಧ ನಿಜ. ಯೋಚನೆ ಮಾಡಬೇಕಾದ್ದೂ ಅದೇ ಅರ್ಧ. ಸಕಲೇಶಪುರ, ಮೂಡಿಗೆರೆ ಕಡೆಯ ಮನೆಯಲ್ಲಿ ಇಪ್ಪತ್ತು ಮಳೆಗಾಲ ಕೂತ ಪೆಟ್ಟಿಗೆ ಅಂದರೆ ಅದರ ಹೆಸರಿಗಿಂತ ಅದು ಕುಡಿದ ನೀರಿನ ಲೆಕ್ಕ ಮುಖ್ಯ.

ಈ ಜೊತೆಯ ಮುಂದೆ ಇದ್ದದ್ದು ಜಪಾನಿ ಹೆಸರು, ಬಿಚ್ಚಿದಾಗ ಒಳಗಿದ್ದದ್ದು ಫಿಲಿಪ್ಸ್. ಗೊತ್ತಾದದ್ದು ಮ್ಯಾಗ್ನೆಟ್ ಹಿಂದಿನ ಅಕ್ಷರಗಳಿಂದ. ಫಿಲಿಪ್ಸ್ ಡ್ರೈವರ್‌ಗಳ (ಪೆಟ್ಟಿಗೆಯೊಳಗಿನ ಬಿಡಿ ಸ್ಪೀಕರ್‌ಗಳ) ಸಂಖ್ಯೆ ಓದುವುದು ಸುಲಭ: 'ಎಡಿ 8060/ಡಬ್ಲ್ಯು8' ಎಂದಿದ್ದರೆ ಮೊದಲ 8 ಅಂದರೆ ಎಂಟು ಅಂಗುಲ, ಡಬ್ಲ್ಯು ಅಂದರೆ ವೂಫರ್, ಕೊನೆಯ 8 ಅಂದರೆ ಎಂಟು ಓಮ್. 'ಎಡಿ 0160/ಟಿ8' ಅಂದರೆ ಒಂದು ಅಂಗುಲದ ಟ್ವೀಟರ್, ಅದೂ ಎಂಟು ಓಮ್. 'ಎಸ್‌ಕ್ಯು' ಎಂದಿದ್ದರೆ ಮಧ್ಯದ ಸ್ವರದ ಡ್ರೈವರ್. ಅಮೆರಿಕದ ಡ್ರೈವರ್‌ಗಳಲ್ಲಿ ತಯಾರಕರ ಸಂಖ್ಯೆ ಮೊದಲು ಬರುತ್ತದೆ (220 ಜೆನ್ಸನ್, 137 ಸಿಟಿಎಸ್, 465 ಆಕ್ಸ್‌ಫರ್ಡ್), ಆಮೇಲೆ ವರ್ಷ, ಕೊನೆಗೆ ವಾರ. 220 6524 ಅಂದರೆ ಜೆನ್ಸನ್, 1965ರ 24ನೇ ವಾರ. ಎಡ ಬಲ ಎರಡೂ ಪೆಟ್ಟಿಗೆ ಬಿಚ್ಚಿ ನೋಡಿ. ಒಂದರಲ್ಲಿ ಒಂದು ವೂಫರ್, ಇನ್ನೊಂದರಲ್ಲಿ ಯಾರೋ ಆಮೇಲೆ ಹಾಕಿಸಿದ ಬೇರೆ ವೂಫರ್ ಇದ್ದರೆ ಅದು ಜೊತೆಯಲ್ಲ, ಎರಡು ಬಿಡಿ ಪೆಟ್ಟಿಗೆ. ದರವೂ ಹಾಗೇ ಆಗಬೇಕು.

ಬಿಚ್ಚುವಾಗ ಒಂದು ಎಚ್ಚರ. ಪೆಟ್ಟಿಗೆಯನ್ನು ಮಲಗಿಸಿ ವೂಫರಿನ ಸ್ಕ್ರೂ ತೆಗೆಯುವಾಗ ಮ್ಯಾಗ್ನೆಟ್ ಸ್ಕ್ರೂಡ್ರೈವರನ್ನು ಪಕ್ಕಕ್ಕೆ ಎಳೆಯುತ್ತದೆ. ತುದಿ ಜಾರಿದರೆ ನೇರ ಕೋನ್ (ಮುಂದೆ ಅಲುಗುವ ಕಾಗದದ ಬಟ್ಟಲು) ಹರಿಯುತ್ತದೆ. ಎಡಗೈ ಬೆರಳುಗಳನ್ನು ತುದಿಯ ಸುತ್ತ ಗೋಡೆಯ ಹಾಗೆ ಇಟ್ಟುಕೊಳ್ಳಿ. ಮಾರುವವರು ಬಿಚ್ಚಲು ಬಿಡದಿದ್ದರೆ "ಅಣ್ಣಾ, ಒಂದೇ ಒಂದು ಬಿಚ್ಚಿ ನೋಡ್ತೀನಿ, ನಿಮ್ಮೆದುರೇ ಹಾಕ್ಕೊಡ್ತೀನಿ" ಅಂದು ನೋಡಿ. ಅದಕ್ಕೂ ಒಪ್ಪದಿದ್ದರೆ ಅಲ್ಲಿಗೆ ವ್ಯಾಪಾರ ಮುಗೀತು.

ಮೀಟರ್ ಇಲ್ಲದೆ ಹೋಗಬೇಡಿ. ಸಾದಾ ಹಳದಿ ಮಲ್ಟಿಮೀಟರ್ ಸಾಕು. 200 ಓಮ್‌ಗೆ ತಿರುಗಿಸಿ, ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ. 0.3 ಅಥವಾ 0.5 ಏನು ಬರುತ್ತದೋ ಅದು ತಂತಿಯದೇ ರೆಸಿಸ್ಟೆನ್ಸು, ಪ್ರತಿ ಸಲ ಕಳೆಯಬೇಕು. ಎಂಟು ಓಮ್ ಸ್ಪೀಕರ್ ಮೀಟರಿನಲ್ಲಿ ಎಂಟು ತೋರಿಸುವುದಿಲ್ಲ. 5.5ರಿಂದ 7ರವರೆಗೆ ಬಂದರೆ ಅದು ಎಂಟು ಓಮಿನದು, 3ರಿಂದ 3.7 ಬಂದರೆ ನಾಲ್ಕು ಓಮಿನದು, 11ರಿಂದ 13 ಬಂದರೆ ಹಳೇ ಬ್ರಿಟಿಷ್ ಸ್ಪೀಕರುಗಳ ಥರದ 15 ಅಥವಾ 16 ಓಮಿನದು. ಮೀಟರಿನ ಎಡ ತುದಿಯಲ್ಲಿ ಬರೀ '1' ನಿಂತರೆ ಸಾಮಾನ್ಯವಾಗಿ ಕಾಯಿಲ್ (ಕೋನಿನ ಹಿಂದಿನ ತಂತಿ ಸುರುಳಿ) ತುಂಡಾಗಿದೆ. ಹಳೇ ವಾಲ್ವ್ ರೇಡಿಯೊದಿಂದ ಕಿತ್ತ ಫಿಲಿಪ್ಸ್ ಸ್ಪೀಕರ್ ಕೆಲವೊಮ್ಮೆ 200ರಲ್ಲಿ '1' ತೋರಿಸಿದರೂ 2000ಕ್ಕೆ ತಿರುಗಿಸಿದರೆ ನೂರಾರು ಓಮ್ ತೋರಿಸುತ್ತದೆ. ಅದು ಕೆಟ್ಟದ್ದಲ್ಲ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ರೇಡಿಯೊಗಾಗಿಯೇ ಮಾಡಿದ 800 ಓಮಿನ ಡ್ರೈವರು. ಇವತ್ತಿನ ಆಂಪ್ಲಿಫೈಯರಿಗೆ ಹಾಕಿದರೆ ಪಿಸುಮಾತಷ್ಟೇ ಕೇಳುತ್ತದೆ. ದೇವಸ್ಥಾನ, ಶಾಮಿಯಾನದವರ ಹತ್ತಿರದ ಉದ್ದ ಕಾಲಂ ಸ್ಪೀಕರಿನ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇದ್ದರೆ ಅದು 70 ಅಥವಾ 100 ವೋಲ್ಟ್ ಲೈನಿನದು, ಮನೆಯ ಸ್ಟೀರಿಯೊಗೆ ಬರುವುದಿಲ್ಲ.

ಪೆಟ್ಟಿಗೆಯ ಹಿಂದಿನ ಟರ್ಮಿನಲ್‌ನಲ್ಲಿ ಅಳೆದರೆ ಸಿಗುವುದು ವೂಫರಿನ ಲೆಕ್ಕ ಮಾತ್ರ. ಟ್ವೀಟರಿನ ದಾರಿಯಲ್ಲಿ ಕೆಪಾಸಿಟರ್ ಇದೆ, ಅದು ಮೀಟರಿನ ಡಿಸಿಯನ್ನು (ಬ್ಯಾಟರಿಯ ಥರ ಒಂದೇ ದಿಕ್ಕಿನ ಕರೆಂಟನ್ನು) ಬಿಡುವುದಿಲ್ಲ. ಟ್ವೀಟರ್ ಸತ್ತಿದ್ದರೂ ಪೆಟ್ಟಿಗೆ 'ಚೆನ್ನಾಗಿದೆ' ಅನ್ನಿಸುವುದು ಇದರಿಂದಲೇ, ಹೊಸಬರು ಮೋಸ ಹೋಗುವುದೂ ಹೆಚ್ಚಾಗಿ ಇಲ್ಲೇ. ಟ್ವೀಟರಿನ ಒಂದು ತಂತಿ ಬಿಡಿಸಿ ಅದರ ಎರಡು ಟರ್ಮಿನಲ್‌ಗಳಲ್ಲೇ ಅಳೆಯಿರಿ. ಬಿಡಿಸಲು ಆಗದಿದ್ದರೆ ಹಾಡು ಹಾಕಿ, ಸುರುಳಿ ಸುತ್ತಿದ ಪೇಪರಿನ ಒಂದು ತುದಿ ಟ್ವೀಟರಿಗೆ, ಇನ್ನೊಂದು ತುದಿ ನಿಮ್ಮ ಕಿವಿಗೆ ಇಟ್ಟು ಕೇಳಿ.

ಆಮೇಲೆ ಕೈ ಪರೀಕ್ಷೆ. ವೂಫರ್ ಕೋನಿನ ಮೇಲೆ ಎರಡೂ ಕೈಯ ಬೆರಳುಗಳನ್ನು ಸಮನಾಗಿ ಇಟ್ಟು ಮೆಲ್ಲಗೆ ಒಳಗೆ ತಳ್ಳಿ. ಕರಕರ ಸದ್ದು ಬಂದರೆ ಕಾಯಿಲ್ ಉಜ್ಜುತ್ತಿದೆ. ಅಲುಗದೇ ಇದ್ದರೆ ಎಲ್ಲೋ ಬಿದ್ದು ಮ್ಯಾಗ್ನೆಟ್ ಜರುಗಿದೆ, ಅದನ್ನು ಬಿಟ್ಟುಬಿಡಿ. ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗೆ ತಳ್ಳಿದ ಕೋನ್ ನಿಧಾನವಾಗಿ ವಾಪಸ್ ಬರಬೇಕು. ಪಟ್ಟನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ. ಕೋನಿನ ಸುತ್ತಲಿನ ಅಂಚು ಫೋಮ್ ಆಗಿದ್ದರೆ ಬೆರಳ ತುದಿಯಿಂದ ಮುಟ್ಟಿ. ಜಿಗುಟಾಗಿದ್ದರೆ ಅಥವಾ ಪುಡಿ ಉದುರಿದರೆ ಬದಲಾಯಿಸಲೇಬೇಕು. ಈ ಫೋಮನ್ನು ಗಾಳಿಯ ತೇವವೇ ತಿನ್ನುವುದು, ಬಳಸದೆ ಇಟ್ಟರೂ ಹಾಳಾಗುತ್ತದೆ. ಮಲೆನಾಡಿನಲ್ಲಿ ಬಟ್ಟೆ ಅಥವಾ ರಬ್ಬರ್ ಅಂಚಿನದನ್ನೇ ಹುಡುಕುವುದು ಜಾಣತನ. ಪಾರ್ಟಿಕಲ್ ಬೋರ್ಡ್ ಪೆಟ್ಟಿಗೆಯ ಕೆಳಗಿನ ಅಂಚು ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಉಬ್ಬಿದ್ದರೆ ಅದಕ್ಕೆ ರಿಪೇರಿಯೇ ಇಲ್ಲ. ಪ್ಲೈವುಡ್ ಆದರೆ ಬದುಕುತ್ತದೆ.

ಜೋಡಿಸುವುದು

ಬಹಳ ಹಳೇ ಪೆಟ್ಟಿಗೆಗಳ ಹಿಂದೆ ಕೆಂಪು ಕಪ್ಪು ಟರ್ಮಿನಲ್ ಇರುವುದಿಲ್ಲ. ಒಂದು ದುಂಡು ಪಿನ್ನು, ಒಂದು ಚಪ್ಪಟೆ ಪಿನ್ನು ಇರುವ ಡಿನ್ ಪ್ಲಗ್ ಇರುತ್ತದೆ. ಅದರಲ್ಲಿ ದುಂಡು ಪಾಸಿಟಿವ್, ಚಪ್ಪಟೆ ನೆಗೆಟಿವ್. ಆ ಪ್ಲಗ್ಗು ಕತ್ತರಿಸಿ ಬೇರೆ ತಂತಿ ಹಾಕಿದ್ದರೆ ಬಣ್ಣ ನಂಬಬೇಡಿ, 1.5 ವೋಲ್ಟಿನ ಪೆನ್ಸಿಲ್ ಸೆಲ್ ಕೇಳಿ. ಸೆಲ್ಲಿನ ಎರಡು ತುದಿಯನ್ನು ಟರ್ಮಿನಲ್‌ಗೆ ಅರೆಕ್ಷಣ ಮುಟ್ಟಿಸಿದಾಗ ವೂಫರ್ ಹೊರಗೆ ಹಾರಿದರೆ, ಸೆಲ್ಲಿನ ಪ್ಲಸ್ ಮುಟ್ಟಿದ ತಂತಿಯೇ ಪಾಸಿಟಿವ್. ಕೆಲವು ತಯಾರಕರ ಡ್ರೈವರುಗಳು ಇದಕ್ಕೆ ಉಲ್ಟಾ, ಹಾಗಿದ್ದರೂ ಚಿಂತೆಯಿಲ್ಲ. ಎರಡೂ ಪೆಟ್ಟಿಗೆ ಒಂದೇ ಥರ ಅಲುಗಿದರೆ ಆಯಿತು. 9 ವೋಲ್ಟಿನ ಬ್ಯಾಟರಿಯಿಂದ ಈ ಆಟ ಬೇಡ.

ತಂತಿಗೆ ದುಡ್ಡು ಸುರಿಯಬೇಡಿ. ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುವ 40/76 ಜೋಡಿ ತಂತಿ ಸುಮಾರು 1.2 ಚದರ ಮಿಲಿಮೀಟರ್ ಇರುತ್ತದೆ. ಐದು ಮೀಟರ್ ದೂರಕ್ಕೆ, ಹೋಗಿಬರುವ ತಂತಿ ಸೇರಿ, ಅದರ ರೆಸಿಸ್ಟೆನ್ಸು 0.15 ಓಮ್ ಆಸುಪಾಸು. ಎಂಟು ಓಮಿನ ಮುಂದೆ ಅದು ಲೆಕ್ಕಕ್ಕಿಲ್ಲ. ತುದಿಯನ್ನು 10ರಿಂದ 12 ಮಿ.ಮೀ. ಮಾತ್ರ ಸುಲಿದು ಬಿಗಿಯಾಗಿ ತಿರುಚಿ. ಹೊರಗೆ ಉಳಿದ ಒಂದು ಕೂದಲೆಳೆ ಪಕ್ಕದ ಟರ್ಮಿನಲ್ ಮುಟ್ಟಿದರೆ ಸಾಕು, ಊರಲ್ಲೇ ಕಟ್ಟಿದ ಎಸ್‌ಟಿಕೆ ಐಸಿ ಆಂಪ್ಲಿಫೈಯರು ಅಲ್ಲೇ ಹೋಗುತ್ತದೆ.

ಹಳೇ ಆಂಪ್ಲಿಫೈಯರಿಗೆ ಸ್ಪೀಕರ್ ಹಾಕುವ ಮುಂಚೆ ಅದರ ಔಟ್‌ಪುಟ್ಟಿನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸರಿ. ವೋಲ್ಟುಗಟ್ಟಲೆ ಬರುತ್ತಿದ್ದರೆ ಸ್ಪೀಕರ್ ಹತ್ತಿರಕ್ಕೂ ತರಬೇಡಿ, ಕಾಯಿಲ್ ಸುಟ್ಟುಹೋಗುತ್ತದೆ. ಈಗಿನ ಪುಟ್ಟ ಬ್ಲೂಟೂತ್ ಆಂಪ್ಲಿಫೈಯರ್ ಬೋರ್ಡುಗಳಲ್ಲಿ (ಟಿಪಿಎ3116 ಚಿಪ್ಪಿನ ಥರದ್ದು) ಬೇರೆ ಅಪಾಯವಿದೆ. ಎಡ ಬಲದ ಎರಡು ನೆಗೆಟಿವ್‌ಗಳನ್ನು ಒಟ್ಟಿಗೆ ಕಟ್ಟಬಾರದು, ಅರ್ತಿಗೂ ಮುಟ್ಟಿಸಬಾರದು, ಯಾಕೆಂದರೆ ಅಲ್ಲಿ ನೆಗೆಟಿವ್‌ನಲ್ಲೂ ಸಿಗ್ನಲ್ ಓಡುತ್ತಿರುತ್ತದೆ. ಎರಡು ಪೆಟ್ಟಿಗೆಗೂ ಒಂದೇ ನೆಗೆಟಿವ್ ಇರುವ ಹಳೇ ಮೂರು ತಂತಿಯ ವೈರಿಂಗ್ ಉಳಿದಿದ್ದರೆ ಅದನ್ನು ಕಿತ್ತು ನಾಲ್ಕು ತಂತಿ ಮಾಡಿ. ಸ್ಪೀಕರ್ ಎ, ಸ್ಪೀಕರ್ ಬಿ ಗುಂಡಿ ಎರಡೂ ಒತ್ತಿ ಎರಡು ಜೊತೆ ಸ್ಪೀಕರ್ ಓಡಿಸುವವರು ಆಂಪ್ಲಿಫೈಯರ್ ಹಿಂದಿನ ಬರಹ ಓದಿ. ಎಂಟು ಓಮಿನ ಎರಡು ಪ್ಯಾರಲೆಲ್ ಆದರೆ ಆಂಪ್ಲಿಫೈಯರಿಗೆ ಕಾಣುವುದು ನಾಲ್ಕು ಓಮ್.

ಫೋನನ್ನು ಫೋನೊ ಅಂತ ಬರೆದಿರುವ ಕಡೆ ಚುಚ್ಚಬೇಡಿ, ಹೆಸರು ಒಂದೇ ಥರ ಕೇಳಿಸಿದರೂ ಅದು ರೆಕಾರ್ಡ್ ಪ್ಲೇಯರಿನ ಕೆಲವೇ ಮಿಲಿವೋಲ್ಟಿಗೆ ಮಾಡಿದ ಜಾಗ, ಹಾಡು ಒಡೆದು ಬರುತ್ತದೆ. ಆಕ್ಸ್, ಟ್ಯೂನರ್, ಟೇಪ್ ಇನ್, ಯಾವುದಾದರೂ ಆಗುತ್ತದೆ.

ಎರಡೂ ಪೆಟ್ಟಿಗೆಯ ಕೋನುಗಳು ಒಂದೇ ದಿಕ್ಕಿಗೆ ಅಲುಗುತ್ತಿವೆಯೇ ಅಂತ ನೋಡಲು ದುಬಾರಿ ಟೆಸ್ಟ್ ಹಾಡು ಬೇಡ. ಹಾಸನ ಆಕಾಶವಾಣಿಯಲ್ಲಿ ವಾರ್ತೆ ಓದುವಾಗ ಮೋನೊ ಒತ್ತಿ, ಎರಡು ಪೆಟ್ಟಿಗೆಯ ನಡುವೆ ಎದುರಿಗೆ ಕೂತುಕೊಳ್ಳಿ. ದನಿ ನಟ್ಟನಡುವಿನ ಖಾಲಿ ಜಾಗದಿಂದ ಬರಬೇಕು. ತಲೆಯೊಳಗೆ ತೇಲಿದ ಹಾಗೆ, ಎಲ್ಲಿಂದ ಅಂತ ತಿಳಿಯದ ಹಾಗೆ ಬಂದರೆ, ಬೇಸ್ ತೆಳ್ಳಗಾಗಿದ್ದರೆ, ಒಂದೇ ಪೆಟ್ಟಿಗೆಯ ಎರಡು ತಂತಿ ಅದಲುಬದಲು ಮಾಡಿ. ಈ ಪರೀಕ್ಷೆಗೆ ಗಾಯನಕ್ಕಿಂತ ವಾರ್ತೆಯೇ ಒಳ್ಳೆಯದು.

ಮೂರು ವರ್ಷದಲ್ಲಿ ಕೆಟ್ಟದ್ದು

ಮೊದಲು ಹೋದದ್ದು ಕ್ರಾಸೋವರ್ ಕೆಪಾಸಿಟರ್, ಅಂದರೆ ಟ್ವೀಟರಿಗೆ ಮೇಲಿನ ಸ್ವರ ಮಾತ್ರ ಬಿಡುವ ಭಾಗ. 4.7 ಮೈಕ್ರೊಫ್ಯಾರಡಿನ ನಾನ್‌ಪೋಲಾರ್ (ಪ್ಲಸ್ ಮೈನಸ್ ಇಲ್ಲದ್ದು), ಒಣಗಿ ಟ್ವೀಟರ್ ಮಂಕಾಗಿತ್ತು. ಎಂಟು ಓಮ್ ಟ್ವೀಟರಿಗೆ 4.7 ಹಾಕಿದರೆ ಸುಮಾರು 4,200 ಹರ್ಟ್ಸ್‌ನಿಂದ ಮೇಲಿನದು ಮಾತ್ರ ದಾಟುತ್ತದೆ. ಕೆಪಾಸಿಟರಿನ ಅಳತೆ ಅಲ್ಲಾಡಿದರೆ ಈ ಗಡಿಯೂ ಅಲ್ಲಾಡುತ್ತದೆ. ಊರಿನ ಅಂಗಡಿಯಲ್ಲಿ ಕೇಳಿದರೆ ಸೀಲಿಂಗ್ ಫ್ಯಾನಿನ 2.5 ಮುಂದಿಡುತ್ತಾರೆ. ನಗಬೇಡಿ, ಅದು ಕೆಲಸ ಮಾಡುತ್ತದೆ. ಫ್ಯಾನಿನದೂ ನಾನ್‌ಪೋಲಾರ್ ಫಿಲ್ಮ್ ಕೆಪಾಸಿಟರೇ, 440 ವೋಲ್ಟಿನದು. ಎರಡು ಪ್ಯಾರಲೆಲ್ ಹಾಕಿದರೆ 5, ಅಂದರೆ 4.7ಕ್ಕೆ ಶೇ. 6ರಷ್ಟು ಹೆಚ್ಚು ಅಷ್ಟೇ. ಗಾತ್ರ ಮಾತ್ರ ಹೆಬ್ಬೆರಳಿಗಿಂತ ದಪ್ಪ, ಒಳಗೆ ಅಲುಗದಂತೆ ಕಟ್ಟಬೇಕು. ಸರಿಯಾದದ್ದೇ ಬೇಕು ಅನ್ನುವವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಪ್ಲಸ್ ಮೈನಸ್ ಗುರುತಿನ ಸಾದಾ ಎಲೆಕ್ಟ್ರೊಲಿಟಿಕ್ ಒಂಟಿಯಾಗಿ ಹಾಕಬೇಡಿ. ಬದಲಾಯಿಸುವುದಾದರೆ ಎರಡೂ ಪೆಟ್ಟಿಗೆಯಲ್ಲಿ ಒಟ್ಟಿಗೆ, ಒಂದೇ ಥರದ್ದು.

ಎರಡನೆಯದು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೋಡೆಗೆ ಒತ್ತಿ ಇಟ್ಟ ಪೆಟ್ಟಿಗೆಯ ಬೆನ್ನಿಗೆ ಬಿಳಿ ಪುಡಿ ಬಂದೇ ಬರುತ್ತದೆ. ಗೋಡೆಯಿಂದ ಒಂದು ಅಡಿ ಮುಂದೆ ಎಳೆದರೆ ಗಾಳಿ ಆಡುತ್ತದೆ, ಬೇಸಿನ ಗುಂಯ್ ಸದ್ದೂ ಇಳಿಯುತ್ತದೆ. ನೆಲದ ಮೇಲೆ ಬೇಡ. ಪ್ರತಿ ಪೆಟ್ಟಿಗೆಗೆ ಎರಡರಂತೆ ಹಾಲೋ ಬ್ಲಾಕ್ 16 ಅಂಗುಲ ಎತ್ತರಕ್ಕೆ ನಿಲ್ಲಿಸಿ ಮೇಲೊಂದು ಹಲಗೆ ಇಟ್ಟರೆ, ಕುರ್ಚಿಯಲ್ಲಿ ಕೂತವರ ಕಿವಿಯ ಮಟ್ಟಕ್ಕೆ ಟ್ವೀಟರ್ ಹೆಚ್ಚುಕಮ್ಮಿ ಬರುತ್ತದೆ. ಪ್ಲಾಸ್ಟಿಕ್ ಕವರ್ ತೇವವನ್ನು ಒಳಗೇ ಕೂಡಿಹಾಕುತ್ತದೆ, ಹಳೇ ಹತ್ತಿ ಪಂಚೆ ಹೊದಿಸಿ. ಬೂಷ್ಟನ್ನು ಒಣ ಬ್ರಷ್ಷಿನಿಂದ ತೆಗೆಯಿರಿ, ಕಾಗದದ ಕೋನನ್ನು ಒದ್ದೆ ಮಾಡಬೇಡಿ. ಬಿಸಿಲಿಗೆ ಇಟ್ಟು ಒಣಗಿಸುವ ಆತುರವೂ ಬೇಡ, ವೆನೀರ್ (ಮೇಲೆ ಅಂಟಿಸಿದ ತೆಳು ಮರದ ಪದರ) ಏಳುತ್ತದೆ. ಮಳೆಗಾಲದಲ್ಲಿ ದಿನಾ ಅರ್ಧ ಗಂಟೆ ಹಾಡಿಸುತ್ತಿದ್ದರೆ ಕೋನು, ಕಾಯಿಲು ಚುರುಕಾಗಿರುತ್ತವೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಆಂಪ್ಲಿಫೈಯರಿನ ಪ್ಲಗ್ಗಿನ ಜೊತೆ ರೇಡಿಯೊ ಆಂಟೆನಾ ತಂತಿಯನ್ನೂ ಕೀಳಬೇಕು. ಬಹಳ ಜನ ಎರಡನೆಯದನ್ನು ಮರೆಯುತ್ತಾರೆ.

ಸದ್ದಿನ ವಿಷಯ: ಮಾತು, ಕೊಳಲು, ಪಿಟೀಲಿಗೆ ಇದೇ ದುಡ್ಡಿನ ಹೊಸ ಪ್ಲಾಸ್ಟಿಕ್ ಪೆಟ್ಟಿಗೆಗಳು ಹತ್ತಿರಕ್ಕೂ ಬರುವುದಿಲ್ಲ. ಮೃದಂಗದ ಎಡಗಡೆ ತೊಪ್ಪಿಯ ಸದ್ದು ಊದಿಕೊಳ್ಳದೆ ನಿಲ್ಲುತ್ತದೆ. ಡಿಜೆ ಥರ ಎದೆ ನಡುಗುವ ಬೇಸ್ ಬೇಕಾದವರಿಗೆ ಇದಲ್ಲ. ಅದಕ್ಕಾಗಿ ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಮೊದಲು ಸುಡುವುದು ಟ್ವೀಟರ್. ಸಣ್ಣ ಆಂಪ್ಲಿಫೈಯರು ತನ್ನ ಶಕ್ತಿ ಮೀರಿದಾಗ ಸಿಗ್ನಲ್ಲಿನ ತುದಿ ಚಪ್ಪಟೆಯಾಗಿ ಮೇಲಿನ ಸ್ವರದ ಕಸವೆಲ್ಲ ಅಲ್ಲಿಗೇ ಹೋಗುತ್ತದೆ. 20 ವ್ಯಾಟಿನ ಒಳ್ಳೆಯ ಆಂಪ್ಲಿಫೈಯರು ನಡುಮನೆಗೆ ಧಾರಾಳ. ಸಾವಿರ ವ್ಯಾಟ್ ಪಿಎಂಪಿಒ (ಅರೆಕ್ಷಣದ ಗರಿಷ್ಠ ಶಕ್ತಿಯ ಜಾಹೀರಾತು ಲೆಕ್ಕ) ಅಂತ ಬರೆದಿರುವುದನ್ನು ಓದಲೂ ಬೇಡಿ.

ಈಗ ಬಾಕಿ ಇರುವುದು ಬಲಗಡೆ ಪೆಟ್ಟಿಗೆಯ ಸ್ಪ್ರಿಂಗ್ ಕ್ಲಿಪ್ಪು. ಹಸಿರು ಕಿಲುಬು ಹಿಡಿದು ಸದ್ದು ಆಗಾಗ ಕಡಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿದರೆ ಎರಡು ತಿಂಗಳು ಸುಮ್ಮನಿರುತ್ತದೆ, ಮತ್ತೆ ಶುರು. ಈ ಮಳೆಗಾಲಕ್ಕೆ ಮುಂಚೆ ಎರಡೂ ಪೆಟ್ಟಿಗೆಗೆ ಬಿಗಿಯುವ ಹಿತ್ತಾಳೆ ಟರ್ಮಿನಲ್ ಹಾಕಿಸಿ, ತಂತಿಯ ತುದಿ ಒಂದು ಅಂಗುಲ ಕತ್ತರಿಸಿ ಹೊಸದಾಗಿ ಸುಲಿಯಬೇಕು.