ಕೆಂಪು ಗಾಜೋ, ಸ್ಟ್ರೋಬೋ: ನೇತ್ರಾಣಿಗೆ ಹೊರಟವರು ಕೊಳ್ಳುವ ಮುನ್ನ

ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಡೈವ್ ಮಾಡಿ ಬಂದವರ ಫೋಟೊಗಳಲ್ಲಿ ಹತ್ತಕ್ಕೆ ಒಂಬತ್ತು ಒಂದೇ ಬಣ್ಣದವು: ಹಸಿರಿಗೆ ಬೂದಿ ಕಲಸಿದ ಹಾಗೆ. ನೀರಿನಡಿ ಕಂಡ ಲಯನ್‌ಫಿಶ್‌ನ ಕೆಂಪು ಪಟ್ಟೆ ಫೋನಿಗೆ ಬರುವಷ್ಟರಲ್ಲಿ ಕಂದು ಗೀಟಾಗಿರುತ್ತದೆ. ಇದಕ್ಕೆ ಅಂಗಡಿಯವರು ಎರಡು ಮದ್ದು ತೋರಿಸುತ್ತಾರೆ. ಒಂದು, ಲೆನ್ಸ್ ಮುಂದೆ ಸಿಕ್ಕಿಸುವ ಬಣ್ಣದ ಫಿಲ್ಟರ್. ಕೆಲವು ಸಾವಿರ ರೂಪಾಯಿಯ ಮಾತು. ಇನ್ನೊಂದು, ನೀರೊಳಗೆ ಹೊಡೆಯುವ ಫ್ಲ್ಯಾಶ್, ಅಂದರೆ ಸ್ಟ್ರೋಬ್. ಅದನ್ನು ಹಿಡಿಯುವ ತೋಳು, ಕ್ಯಾಮೆರಾ ಕೂರಿಸುವ ಟ್ರೇ, ಕೇಬಲ್ ಎಲ್ಲ ಸೇರಿದರೆ ಹತ್ತಾರು ಸಾವಿರ. ಗೋಪ್ರೋ ಡೈವ್ ಹೌಸಿಂಗ್‌ಗೆ (ನೀರು ಹೊಗದ ಹೊರಕವಚ) ಹಾಕುವ ಕೆಂಪು ಮತ್ತು ಮೆಜೆಂಟಾ ಫಿಲ್ಟರ್‌ಗಳು, ಒಲಿಂಪಸ್ ಟಿಜಿ-6 ಕ್ಯಾಮೆರಾ ಜೊತೆ ಇನಾನ್ ಎಸ್-2000 ಸ್ಟ್ರೋಬ್: ಇಲ್ಲಿ ತೂಗಿರುವುದು ಈ ಎರಡು ಜೋಡಿಗಳನ್ನು. ತೀರ್ಪು ಮೊದಲೇ ಹೇಳಿಬಿಡಬಹುದು. ಅಂಡಮಾನ್‌ನ ಹ್ಯಾವ್‌ಲಾಕ್‌ನ (ಈಗಿನ ಸ್ವರಾಜ್ ದ್ವೀಪ) ತಿಳಿನೀಲಿ ನೀರಲ್ಲಿ ವಿಡಿಯೊ ತೆಗೆಯುವವರಿಗೆ ಫಿಲ್ಟರ್ ಕೊಟ್ಟ ಕಾಸಿಗೆ ಮೋಸವಿಲ್ಲ. ನೇತ್ರಾಣಿಯಲ್ಲಿ ಫೋಟೊ ತೆಗೆಯುವವರಿಗೆ ಒಂದು ಸಣ್ಣ ಸ್ಟ್ರೋಬೇ ಗತಿ.

ನೀರು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಅದು ಬಹುಪಾಲು ಹೋಗಿರುತ್ತದೆ, ಹತ್ತರ ಆಸುಪಾಸಿನಲ್ಲಿ ಕಿತ್ತಳೆ, ಅದರಾಚೆ ಹಳದಿ. 20 ಮೀಟರ್ ಆಳದಲ್ಲಿ ಬೆರಳು ಕುಯ್ದುಕೊಂಡರೆ ರಕ್ತ ಹಸಿರಾಗಿ ಕಾಣುತ್ತದೆ. ಅನೇಕರು ಮರೆಯುವ ಲೆಕ್ಕವೊಂದಿದೆ. ಬೆಳಕು ಕ್ರಮಿಸುವ ದಾರಿ ಬರೀ ಆಳದ್ದಲ್ಲ, ಮೀನಿನಿಂದ ಲೆನ್ಸ್‌ವರೆಗಿನ ದೂರವೂ ಅದಕ್ಕೆ ಸೇರುತ್ತದೆ. 8 ಮೀಟರ್ ಆಳದಲ್ಲಿ 4 ಮೀಟರ್ ದೂರದ ಮೀನಿಗೆ ಗುರಿಯಿಟ್ಟರೆ 12 ಮೀಟರ್ ನೀರಿನ ಬಣ್ಣ ಅಂಟಿಕೊಂಡಂತೆ. ಆದ್ದರಿಂದ ಹತ್ತಿರ ಹೋಗುವುದೇ ಎಲ್ಲಕ್ಕಿಂತ ಅಗ್ಗದ ಫಿಲ್ಟರ್.

ಕೆಂಪು ಫಿಲ್ಟರ್ ಇಲ್ಲದ ಕೆಂಪನ್ನು ತಂದುಕೊಡುವುದಿಲ್ಲ. ಹೆಚ್ಚಾಗಿರುವ ನೀಲಿ-ಹಸಿರನ್ನು ತಡೆದು, ಉಳಿದಿರುವ ಚೂರುಪಾರು ಕೆಂಪಿಗೆ ಸಮ ಮಾಡುತ್ತದೆ. ಬೆಳಕೇ ಕಡಿಮೆಯಾಗುವುದರಿಂದ ಇದಕ್ಕೆ ತೆರುವ ಬೆಲೆ ಸುಮಾರು ಒಂದೂವರೆಯಿಂದ ಎರಡು ಸ್ಟಾಪ್. ಕ್ಯಾಮೆರಾಗೆ ತಲುಪುವುದು ಮೂರನೇ ಒಂದು ಅಥವಾ ನಾಲ್ಕನೇ ಒಂದು ಪಾಲು. ಗೋಪ್ರೋ ಆಗ ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸುತ್ತದೆ, ನೆರಳಿನ ಭಾಗ ರವೆ ಚೆಲ್ಲಿದಂತಾಗುತ್ತದೆ. ಬೆಳಗಿನ ಹತ್ತರಿಂದ ಮಧ್ಯಾಹ್ನ ಎರಡರವರೆಗೆ, ಸೂರ್ಯ ಬೆನ್ನ ಹಿಂದಿದ್ದು, ಆಳ 5ರಿಂದ 15 ಮೀಟರ್ ಇದ್ದರೆ ಫಿಲ್ಟರ್ ನಿಜಕ್ಕೂ ಚೆಂದ ಕೆಲಸ ಮಾಡುತ್ತದೆ. ಹ್ಯಾವ್‌ಲಾಕ್‌ನ ನೀಮೋ ರೀಫ್‌ನಂಥ ಮೇಲ್ಮಟ್ಟದ ಜಾಗಗಳಲ್ಲಿ ಹವಳದ ಹರವು, ಮೀನಿನ ಹಿಂಡು, ಜೊತೆಗಾರರ ಮುಖ, ಎಲ್ಲದಕ್ಕೂ ಒಂದೇ ಹದದ ಬಣ್ಣ ಬರುತ್ತದೆ. ಸ್ಟ್ರೋಬ್‌ಗೆ ಇದು ಆಗದ ಕೆಲಸ. ಅದರ ಬೆಳಕು ಎರಡು ಮೀಟರ್‌ ಆಚೆ ಮುಟ್ಟುವುದೇ ಕಷ್ಟ. ಅದೇ ಹ್ಯಾವ್‌ಲಾಕ್‌ನ ಆಳದ ಜಾಗವಾದ ಡಿಕ್ಸನ್ಸ್ ಪಿನ್ನಕಲ್‌ನ ಕೆಳಭಾಗಕ್ಕೆ, 25 ಮೀಟರ್ ದಾಟಿ ಇಳಿದರೆ ಫಿಲ್ಟರ್‌ಗೆ ಹಿಡಿಯಲು ಕೆಂಪೇ ಉಳಿದಿರುವುದಿಲ್ಲ. ಚಿತ್ರ ಬರೀ ಕತ್ತಲಾಗುತ್ತದೆ.

ಆಳಕ್ಕೆ ತಕ್ಕಂತೆ ಬದಲಿಸುವ ಜೋಡಿ ಫಿಲ್ಟರ್‌ಗಳೂ ಇವೆ. ಬ್ಯಾಕ್‌ಸ್ಕ್ಯಾಟರ್ ಕಂಪನಿಯ ಫ್ಲಿಪ್ ಮಾದರಿಯಲ್ಲಿ ತೆಳುವಾದದ್ದು, ದಟ್ಟವಾದದ್ದು ಎರಡನ್ನೂ ಒಂದೇ ಚೌಕಟ್ಟಿಗೆ ಕೂಡಿಸಿ, ಬೇಕಾದದ್ದನ್ನು ಬೆರಳಲ್ಲಿ ಮಡಚಿ ಇಳಿಸಬಹುದು. ಒತ್ತಿ ಸಿಕ್ಕಿಸುವ ಒಂಟಿ ಫಿಲ್ಟರ್‌ಗಿಂತ ಇದು ಮೇಲು. ಒಂಟಿ ಫಿಲ್ಟರ್ ದೋಣಿಯಿಂದ ಹಿಮ್ಮುಖವಾಗಿ ಉರುಳಿ ಬೀಳುವಾಗಲೇ ಕಳಚಿ ತಳ ಸೇರುವುದು ಮಾಮೂಲು. ದಾರ ಕಟ್ಟಿರಬೇಕು, ಇಲ್ಲವೇ ಬಿಸಿಡಿ (ತೇಲುವಿಕೆ ಹೊಂದಿಸುವ ಗಾಳಿ ಜಾಕೆಟ್) ಜೇಬಿನಲ್ಲಿಟ್ಟು ಕೆಳಗೆ ಹೋಗಿ ಹಾಕಬೇಕು. ಕೆಳಗೆ ಹಾಕುವುದರಿಂದ ಇನ್ನೊಂದು ಲಾಭವೂ ಇದೆ. ಮೇಲೆಯೇ ಹಾಕಿಕೊಂಡು ಇಳಿದರೆ ಗಾಜಿಗೂ ಫಿಲ್ಟರ್‌ಗೂ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡು, ಇಡೀ ವಿಡಿಯೊದಲ್ಲಿ ಮೂಲೆಗೊಂದು ಮಸುಕು ಚಂದ್ರ ಕೂರುತ್ತದೆ. ನೀರೊಳಗೆ ಒಮ್ಮೆ ತೆಗೆದು, ಬೆರಳಿಂದ ಗಾಜು ಒರೆಸಿ, ಮತ್ತೆ ಒತ್ತಿದರೆ ಸರಿಹೋಗುತ್ತದೆ.

ನೇತ್ರಾಣಿಯಲ್ಲಿ ಕೆಂಪು ಫಿಲ್ಟರ್ ಸೋಲುವುದಕ್ಕೆ ಕಾರಣ ನೀರಿನ ಬಣ್ಣ. ಕರಾವಳಿಯ ನೀರಲ್ಲಿ ಪಾಚಿಕಣ, ಕೆಸರು ಹೆಚ್ಚು. ನೀಲಿಗಿಂತ ಹಸಿರು ಮುಂದಿರುತ್ತದೆ. ಕೆಂಪು ಫಿಲ್ಟರ್ ನೀಲಿಯ ನೀರಿಗೆಂದು ಮಾಡಿದ್ದು, ಹಸಿರು ನೀರಲ್ಲಿ ಹಳದಿ-ಕಂದು ಬಣ್ಣ ಬಳಿದಂತೆ ಮಾಡುತ್ತದೆ. ಹಸಿರನ್ನು ತಡೆಯುವುದು ಮೆಜೆಂಟಾ. ಗೋಪ್ರೋ ಮಾತ್ರ ಇರುವವರು ಇಲ್ಲಿಗೆ ಮೆಜೆಂಟಾ ಒಯ್ಯಲಿ. ಆದರೆ ಮೋಡ ಮುಚ್ಚಿದ ದಿನ, ನೀರು ಕದಡಿದ ದಿನ ಯಾವ ಬಣ್ಣದ ಗಾಜೂ ಬೇಡ. ಇರುವ ಬೆಳಕನ್ನೇ ಕಡಿಮೆ ಮಾಡಿ ಏನು ಸಾಧಿಸುವುದಿದೆ?

ಒಂದು ತಪ್ಪನ್ನಂತೂ ಮಾಡಲೇಬಾರದು: ಫಿಲ್ಟರ್ ಹಾಕಿಕೊಂಡು ಟಾರ್ಚ್ ಅಥವಾ ಸ್ಟ್ರೋಬ್ ಹೊಡೆಯುವುದು. ದೀಪದ ಬೆಳಕಲ್ಲಿ ಕೆಂಪು ಪೂರ್ತಿ ಇರುತ್ತದೆ. ಅದು ಫಿಲ್ಟರ್ ದಾಟಿ ಬಂದರೆ ಮುಂದಿರುವ ಮೀನಿಗೆ ಕುಂಕುಮ ಎರಚಿದ ಹಾಗಾಗುತ್ತದೆ. ಟಿಜಿ-6ರಲ್ಲಿ ಆಳಕ್ಕೆ ತಕ್ಕ ಮೂರು ನೀರೊಳಗಿನ ವೈಟ್ ಬ್ಯಾಲೆನ್ಸ್‌ಗಳಿವೆ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್). ಅವೂ ಒಂದು ಬಗೆಯ ಫಿಲ್ಟರೇ ಆದ್ದರಿಂದ ಸ್ಟ್ರೋಬ್ ಹೊಡೆಯುವಾಗ ಅವನ್ನು ತೆಗೆದು ಆಟೊ ಅಥವಾ ಬಿಸಿಲಿನ ವೈಟ್ ಬ್ಯಾಲೆನ್ಸ್‌ಗೆ ಬರಬೇಕು. ಸ್ಟ್ರೋಬ್ ಇಲ್ಲದೆ ತೆಗೆಯುವುದಾದರೆ ಬಿಳಿ ಸ್ಲೇಟಿಗೆ ಕ್ಯಾಮೆರಾ ಹಿಡಿದು ವೈಟ್ ಬ್ಯಾಲೆನ್ಸ್ ಹೊಂದಿಸಿ; ಪ್ರತಿ ಮೂರು-ನಾಲ್ಕು ಮೀಟರ್ ಏರಿಳಿತಕ್ಕೆ ಮತ್ತೊಮ್ಮೆ ಹೊಂದಿಸಿ.

"ರಾ ಫೈಲ್ ತೆಗೆದು ಮನೆಯಲ್ಲಿ ಸರಿ ಮಾಡಿಕೊಂಡರಾಯಿತು, ಫಿಲ್ಟರ್ ಯಾಕೆ?" ಎನ್ನುವವರಿದ್ದಾರೆ. ರಾ ಎಂದರೆ ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್. ಅವರ ಮಾತು ಅರ್ಧ ನಿಜ. ಏಳೆಂಟು ಮೀಟರ್‌ವರೆಗೆ ರಾ ಸಾಕು. ಅದಕ್ಕಿಂತ ಕೆಳಗೆ ಫೈಲಿನಲ್ಲಿ ಕೆಂಪಿನ ಮಾಹಿತಿ ಅಷ್ಟೊಂದು ತೆಳು. ಎಳೆದು ಹಿಗ್ಗಿಸಿದರೆ ಬಣ್ಣದ ಜೊತೆ ನಾಯ್ಸ್, ಅಂದರೆ ಆ ರವೆ ಕೂಡ ಮೇಲೇಳುತ್ತದೆ. ಫಿಲ್ಟರ್ ಇದ್ದರೆ ನೀಲಿ ಉಕ್ಕಿ ಹೋಗದೆ ಎಕ್ಸ್‌ಪೋಶರ್ ಹೆಚ್ಚಿಸಬಹುದು, ಕೆಂಪಿಗೂ ಹೆಚ್ಚು ಬೆಳಕು ಬೀಳುತ್ತದೆ. ವ್ಯತ್ಯಾಸ ಇರುವುದು ಅಲ್ಲಿ.

ಇನ್ನು ಸ್ಟ್ರೋಬ್. ಎಸ್-2000 ಮುಷ್ಟಿಯಷ್ಟು ಗಾತ್ರದ್ದು, ನಾಲ್ಕು ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತದೆ, ಗೈಡ್ ನಂಬರ್ (ಫ್ಲ್ಯಾಶ್‌ನ ಬಲದ ಅಳತೆ) 20. ಬೆಳಕನ್ನು ಲೆನ್ಸ್ ಮೂಲಕ ಅಳೆದು ಶಕ್ತಿಯನ್ನು ತಾನೇ ಹೊಂದಿಸುವ ಟಿಟಿಎಲ್ ಉಂಟು, ಕೈಯಲ್ಲಿ ಶಕ್ತಿ ಹೊಂದಿಸುವ ಮ್ಯಾನುವಲ್ ಕೂಡ ಉಂಟು. ಸೀ ಅಂಡ್ ಸೀ ವೈಎಸ್-03 ಇದೇ ವರ್ಗದ್ದಾದರೂ ಟಿಟಿಎಲ್ ಮಾತ್ರ. ಈ ಒಂದು ಕಾರಣಕ್ಕೆ ಕಲಿಯುವ ಮನಸ್ಸಿರುವವರು ಎಸ್-2000 ಕಡೆಗೇ ವಾಲುವುದು ಒಳ್ಳೆಯದು. ಟಿಟಿಎಲ್ ಮೋಸ ಹೋಗುವ ಜಾಗಗಳು ನೀರೊಳಗೆ ಬಹಳ. ಚೌಕಟ್ಟಿನ ತುಂಬ ಕಡುನೀಲಿ ಹಿನ್ನೆಲೆ, ನಡುವೆ ಸಣ್ಣ ಮೀನು ಇದ್ದರೆ "ಕತ್ತಲಿದೆ" ಎಂದುಕೊಂಡು ಮೀನನ್ನು ಸುಣ್ಣ ಬಳಿದಂತೆ ಬೆಳಗಿಸುತ್ತದೆ. ಬಿಳಿ ಮರಳಿನ ಮೇಲೆ ಇದಕ್ಕೆ ತದ್ವಿರುದ್ಧ. ಮ್ಯಾನುವಲ್‌ನಲ್ಲಿ ಅರ್ಧ ಶಕ್ತಿಯಿಂದ ಶುರುಮಾಡಿ, ಒಂದು ಫೋಟೊ ತೆಗೆದು ನೋಡಿ, ಒಂದು ಹಂತ ಮೇಲೆ ಅಥವಾ ಕೆಳಗೆ ತಿರುಗಿಸಿದರೆ ಮೂರನೆಯ ಕ್ಲಿಕ್ಕಿಗೆ ಹದ ಸಿಗುತ್ತದೆ.

ಡಬ್ಬದ ಮೇಲಿನ ಗೈಡ್ ನಂಬರ್ ಸಾಮಾನ್ಯವಾಗಿ ಗಾಳಿಯಲ್ಲಿ, ಐಎಸ್ಒ 100ರಲ್ಲಿ ಅಳೆದದ್ದು. ನೀರಿಗೆ ಅದರ ಮೂರನೇ ಒಂದು ಭಾಗ ಹಿಡಿದರೆ ಲೆಕ್ಕ ತಪ್ಪುವುದಿಲ್ಲ. 20 ಇದ್ದದ್ದು 7ರ ಹತ್ತಿರ ಬರುತ್ತದೆ. ಅದನ್ನು ಲೆನ್ಸ್ ಕಿಂಡಿಯ ಅಳತೆಯಿಂದ, ಎಫ್/8 ಆದರೆ 8ರಿಂದ, ಭಾಗಿಸಿದರೆ ಬೆಳಕು ಮುಟ್ಟುವ ದೂರ ಸಿಗುತ್ತದೆ: ಒಂದು ಮೀಟರ್ ಕೂಡ ಇಲ್ಲ. ಟಿಜಿ-6ರಲ್ಲಿ ಇನ್ನೊಂದು ಸೂಕ್ಷ್ಮವಿದೆ. ವೈಡ್ ತುದಿಯಲ್ಲಿ ತೋರಿಸುವ ಎಫ್/8 ನಿಜವಾಗಿ ಕಿರಿದಾದ ಕಿಂಡಿಯಲ್ಲ, ಬೆಳಕು ತಗ್ಗಿಸುವ ಎನ್‌ಡಿ ಗಾಜು ಅಡ್ಡ ಬರುತ್ತದೆ ಅಷ್ಟೆ. ಫೋಕಸ್‌ನ ಆಳ ಹೆಚ್ಚುತ್ತದೆಂದು ನಂಬಿ ಅದಕ್ಕೆ ಹೋದರೆ ಸ್ಟ್ರೋಬ್ ಸೆಲ್ ಮಾತ್ರ ಬೇಗ ಖಾಲಿಯಾಗುತ್ತದೆ. ಎಫ್/2.8, ಐಎಸ್ಒ 100, ಅರ್ಧದಿಂದ ಮುಕ್ಕಾಲು ಮೀಟರ್ ದೂರ: ನೇತ್ರಾಣಿಯ ಬಂಡೆಗಳ ಸಂದಿಯಲ್ಲಿ ತಲೆ ಹಾಕಿ ಕೂರುವ ಮೊರೆ ಈಲ್‌ಗೆ, ಮುರು ಮೀನಿಗೆ ಇದು ಒಳ್ಳೆಯ ಆರಂಭ.

ಸ್ಟ್ರೋಬ್ ಕೊಂಡವರು ಮೊದಲ ಡೈವ್‌ನಲ್ಲಿ ಹಿಮಪಾತದ ಫೋಟೊ ತರುತ್ತಾರೆ. ಅದೇ ಬ್ಯಾಕ್‌ಸ್ಕ್ಯಾಟರ್ (ಮೇಲೆ ಹೇಳಿದ ಕಂಪನಿಯಲ್ಲ). ಲೆನ್ಸ್ ಮತ್ತು ಮೀನಿನ ನಡುವಿನ ನೀರಲ್ಲಿ ತೇಲುವ ಕಣಗಳಿಗೆ ಸ್ಟ್ರೋಬ್ ಬೆಳಕು ಬಡಿದು ನೇರ ಕ್ಯಾಮೆರಾಗೆ ವಾಪಸಾದದ್ದು. ಕ್ಯಾಮೆರಾದ ಒಳಗಿನ ಫ್ಲ್ಯಾಶ್ ಲೆನ್ಸ್‌ಗೆ ಅಂಟಿಕೊಂಡೇ ಇರುವುದರಿಂದ ಅದು ಇನ್ನೂ ಕೆಟ್ಟದು. ಪರಿಹಾರ ತೋಳಿನಲ್ಲಿದೆ. ಸ್ಟ್ರೋಬ್ ಅನ್ನು ಲೆನ್ಸ್‌ನಿಂದ 30-40 ಸೆಂಟಿಮೀಟರ್ ಪಕ್ಕಕ್ಕೆ, ಗಡಿಯಾರದ ಹತ್ತು ಗಂಟೆಯ ಜಾಗಕ್ಕೆ ಚಾಚಿ. ಸ್ಟ್ರೋಬ್‌ನ ಮುಖ ಹೌಸಿಂಗ್‌ನ ಗಾಜಿಗಿಂತ ಒಂದಿಷ್ಟು ಹಿಂದಿರಲಿ. ಮೀನಿನ ಕಡೆ ನೇರ ತಿರುಗಿಸದೆ ತುಸು ಹೊರಕ್ಕೆ ವಾಲಿಸಿ. ಬೆಳಕಿನ ಕೋನದ ಅಂಚು ಮಾತ್ರ ಮೀನನ್ನು ಸವರಿದರೆ, ನಡುವಿನ ನೀರು ಕತ್ತಲಲ್ಲೇ ಉಳಿಯುತ್ತದೆ, ಕಣ ಕಾಣುವುದಿಲ್ಲ. ನ್ಯುಡಿಬ್ರಾಂಕ್‌ನಂಥ ಬೆರಳುದ್ದದ ಜೀವಿಗಳಿಗೆ ಈ ಚಾಚು ಬೇಡ. ಆಗ ಸ್ಟ್ರೋಬ್ ಅನ್ನು ಗಾಜಿನ ಮೇಲ್ಗಡೆಗೇ ತಂದು ಕೆಳಕ್ಕೆ ಬಾಗಿಸಬೇಕು. ಟಿಜಿ-6ರ ಮೈಕ್ರೋಸ್ಕೋಪ್ ಮೋಡ್ ಈ ಜೋಡಿಗೆ ಹೇಳಿ ಮಾಡಿಸಿದ್ದು. ಎಷ್ಟು ಹತ್ತಿರ ಎಂಬುದಕ್ಕೆ ಹಳೆಯ ಲೆಕ್ಕ ಒಂದಿದೆ: ಕಣ್ಣಿಗೆ ಕಾಣುವ ದೂರದ ಐದನೇ ಒಂದು ಭಾಗ. ಹತ್ತು ಮೀಟರ್ ಕಾಣುವ ದಿನ ಎರಡು ಮೀಟರೇ ಗಡಿ. ಐದು ಮೀಟರ್ ಕಾಣುವ ದಿನ ಸಣ್ಣ ಜೀವಿಗಳನ್ನು ಹುಡುಕುವುದೇ ಜಾಣತನ.

ಸ್ಟ್ರೋಬ್ ಹೊತ್ತಿದರೂ ಫೋಟೊ ಕಪ್ಪಾಗಿ ಬಂದರೆ ಹೆಚ್ಚಾಗಿ ಪ್ರೀ-ಫ್ಲ್ಯಾಶ್‌ನ ತಗಾದೆ. ಕ್ಯಾಮೆರಾ ಮೊದಲು ಅಳತೆಗೊಂದು ಸಣ್ಣ ಮಿಂಚು ಹೊಡೆಯುತ್ತದೆ. ಸ್ಟ್ರೋಬ್ ಅದಕ್ಕೇ ತನ್ನ ಶಕ್ತಿ ಸುರಿದುಬಿಟ್ಟರೆ, ಷಟರ್ ತೆರೆದಾಗ ಕೈ ಖಾಲಿ. ಸ್ಟ್ರೋಬ್‌ನ ಪ್ರೀ-ಫ್ಲ್ಯಾಶ್ ಹೊಂದಾಣಿಕೆಯನ್ನು ದೋಣಿ ಹತ್ತುವ ಮೊದಲೇ, ರೂಮಿನ ದೀಪ ಆರಿಸಿ ನೋಡಿಕೊಳ್ಳಿ. ಸ್ಟ್ರೋಬ್ ಹೊತ್ತದೇ ಇದ್ದರೆ ನೋಡಬೇಕಾದದ್ದು ಬೇರೆ: ಫ್ಲ್ಯಾಶ್ ಆಟೊದಲ್ಲಿದ್ದರೆ ನೀರು ಬೆಳಗಿದ್ದಾಗ ಕ್ಯಾಮೆರಾ ಹೊಡೆಯುವುದೇ ಇಲ್ಲ, ಪ್ರತಿ ಸಲವೂ ಹೊಡೆಯುವ ಫಿಲ್-ಇನ್‌ಗೆ ಇಡಬೇಕು. ಕ್ಯಾಮೆರಾ ಫ್ಲ್ಯಾಶ್‌ನ ಮಿಂಚನ್ನು ಸ್ಟ್ರೋಬ್‌ಗೆ ಒಯ್ಯುವ ಫೈಬರ್ ಕೇಬಲ್‌ನ ತುದಿ ಸಡಿಲವಾಗಿ ಪಕ್ಕಕ್ಕೆ ಸರಿದಿರಬಹುದು. ಹೌಸಿಂಗ್‌ನ ಫ್ಲ್ಯಾಶ್ ಕಿಂಡಿಯನ್ನು ಕಪ್ಪು ಪಟ್ಟಿಯಿಂದ ಮುಚ್ಚುವುದನ್ನೂ ಮರೆಯಬೇಡಿ. ಕೇಬಲ್‌ಗೆ ಬೆಳಕು ಹೋದರೆ ಸಾಕು, ಮುಂದಕ್ಕೆ ಸೋರಿದ್ದೆಲ್ಲ ಮತ್ತೆ ಹಿಮಪಾತವೇ.

ಸೆಲ್‌ಗಳು ರೀಚಾರ್ಜ್ ಆಗುವ ನಿಕಲ್-ಮೆಟಲ್ ಹೈಡ್ರೈಡ್ ಆಗಿರಲಿ, 2000 ಎಂಎಎಚ್ ಸಾಕು. ಅಂಗಡಿಯ ಆಲ್ಕಲೈನ್ ಹಾಕಿದರೆ ಹತ್ತಿಪ್ಪತ್ತು ಫೋಟೊ ಆದಮೇಲೆ ಮರುಚಾರ್ಜ್‌ಗೆ ಕಾಯಿಸುತ್ತದೆ, ಅಷ್ಟರಲ್ಲಿ ಮೀನು ಊರು ಬಿಟ್ಟಿರುತ್ತದೆ. ಹಳೆಯದು ಹೊಸದು ಬೆರೆಸಬಾರದು. ಪ್ರತಿ ಡೈವ್ ಮುಂಚೆ ನೀರು ಒಳಹೋಗದಂತೆ ತಡೆಯುವ ಓ-ರಿಂಗ್ ತೆಗೆದು, ಬೆರಳಲ್ಲಿ ಎಳೆದು, ಕೂದಲು, ಮರಳಕಾಳು ಇದೆಯೇ ನೋಡಿ; ಗ್ರೀಸ್ ಹೊಳಪು ಬರುವಷ್ಟು ಮಾತ್ರ, ಮೆತ್ತಿದರೆ ಅದೇ ಕಸ ಹಿಡಿಯುತ್ತದೆ. ಗ್ರೀಸ್ ತಯಾರಕರು ಕೊಟ್ಟದ್ದೇ ಬೇಕು. ಸಿಲಿಕೋನ್ ಓ-ರಿಂಗ್‌ಗೆ ಬೇರೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ಅದು ಉಬ್ಬಿ ಸೀಲ್ ಕೆಡುವ ಅಪಾಯವಿದೆ.

ಟಿಜಿ-6 ಹೌಸಿಂಗ್ ಇಲ್ಲದೆ 15 ಮೀಟರ್‌ವರೆಗೆ ತಾಳುತ್ತದೆ, ಪಿಟಿ-059 ಹೌಸಿಂಗ್‌ನಲ್ಲಿ 45. ಸ್ಟ್ರೋಬ್ ಜೋಡಿಸಲು ಹೌಸಿಂಗ್ ಹೇಗೂ ಬೇಕು. ಗೋಪ್ರೋ ಬರಿಮೈಯಲ್ಲಿ 10 ಮೀಟರ್, ಡೈವ್ ಹೌಸಿಂಗ್‌ನಲ್ಲಿ 60. ನೇತ್ರಾಣಿಗೆ ಮೊದಲ ಸಲ, ಇನ್‌ಸ್ಟ್ರಕ್ಟರ್ ಕೈ ಹಿಡಿದು ಇಳಿಯುವವರು ಇದ್ಯಾವುದನ್ನೂ ಕೊಳ್ಳುವ ಅಗತ್ಯವಿಲ್ಲ. ಟ್ರೇ, ತೋಳು, ಸ್ಟ್ರೋಬ್ ಸೇರಿದರೆ ಕೈ ಕೆಳಕ್ಕೆ ಜಗ್ಗುತ್ತದೆ. ತೇಲುವ ಹದ ಇನ್ನೂ ಕೂರದವರು ಹವಳದ ಮೇಲೆ ಮೊಣಕಾಲೂರುತ್ತಾರೆ. ಇಪ್ಪತ್ತು-ಮೂವತ್ತು ಡೈವ್ ಆಗಲಿ. ಆಮೇಲೆ ಒಂದೇ ಸ್ಟ್ರೋಬ್, ಒಂದೇ ತೋಳು ಸಾಕು. ಎರಡನೆಯದರ ಯೋಚನೆ ವೈಡ್ ಲೆನ್ಸ್ ಬಂದಾಗ. ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಸೆಲ್ ಕೂರುವ ಗೂಡಿನ ಲೋಹದ ಪಟ್ಟಿಗಳನ್ನು ಟಾರ್ಚ್ ಬಿಟ್ಟು ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಒಳಗೆ ಒಮ್ಮೆ ಉಪ್ಪುನೀರು ಹೊಕ್ಕಿರುವ ಸಂಭವ ಹೆಚ್ಚು, ಎಷ್ಟು ಅಗ್ಗವಾದರೂ ಬೇಡ.